ವಾದ್ಯದ ದೀಕ್ಷೆ: ಕದ್ರಿ ಗೋಪಾಲನಾಥ್ ಮತ್ತು ಎನ್‌ದುದುಜೊ ಮಖಾತಿನಿ

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಸಂವಿಧಾನವು ತನ್ನ 120ನೆಯ ಪರಿಚ್ಛೇದದಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಗೌರವವನ್ನಿತ್ತು, ಇತರ ವಾದ್ಯಗಳಿಗೂ ಬಾಗಿಲು ತೆರೆಯುತ್ತದೆ. ಅವು ಪವಿತ್ರ ಬಳಕೆಗೆ ತಕ್ಕವಾಗಿರಬೇಕು, ಇಲ್ಲವೆ ತಕ್ಕವಾಗುವಂತೆ ಮಾಡಲು ಬರುವಂಥವಾಗಿರಬೇಕು ಎಂಬುದು ಅಲ್ಲಿನ ನಿಬಂಧನೆಗಳಲ್ಲೊಂದು. ಇದರ ಎರಡನೆಯ ಭಾಗವನ್ನು ಕುರಿತು ನಾವು ಸಾಕಷ್ಟು ಚಿಂತಿಸಿಲ್ಲ. ವಾದ್ಯವೊಂದನ್ನು ತಕ್ಕುದಾಗಿ ಮಾಡುವುದೆಂದರೇನು? ಅದರಲ್ಲಿ ಬದಲಾಗುವುದು ವಾದ್ಯವೋ, ವಾದಕನೋ? ಕ್ರೈಸ್ತ ಆರಾಧನೆಯ ಹೊರಗೆ ನಿಂತ ಇಬ್ಬರು ಸಂಗೀತಗಾರರ ಸಾಧನೆ ಈ ಪ್ರಶ್ನೆಗೆ ಬೆಳಕು ನೀಡಬಲ್ಲದು.

ಕದ್ರಿ ಗೋಪಾಲನಾಥರು (1949–2019) ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತ ಅವರು, ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಮೊದಲು ಸೈನ್ಯದ ವಾದ್ಯವೃಂದಗಳಲ್ಲಿ, ಬಳಿಕ ಜಾಝ್ ಸಂಗೀತದಲ್ಲಿ ನೆಲೆ ಕಂಡಿತ್ತು. ಅದರ ಪ್ರತಿ ಕೀಲಿಯೂ ಒಂದು ನಿಶ್ಚಿತ ಸ್ವರಕ್ಕೆ ಬದ್ಧ. ಸ್ವರದಿಂದ ಸ್ವರಕ್ಕೆ ಜಾರುವ ಗಮಕವಿಲ್ಲದೆ ರಾಗವಿಲ್ಲ. ಈ ಕೊರತೆಯನ್ನು ನೀಗಲು ಗೋಪಾಲನಾಥರು ಕೀಲಿಗಳ ವ್ಯವಸ್ಥೆಯನ್ನೇ ಮಾರ್ಪಡಿಸಿಕೊಂಡರು. ಉಸಿರನ್ನೂ ತುಟಿಯನ್ನೂ ಪಳಗಿಸಿದರು. ವಾದ್ಯ ಸಂಪೂರ್ಣ ಕೈವಶವಾಗಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದವು.

ಫಲವನ್ನು ಜಗತ್ತು ಬಲ್ಲದು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ನುಡಿಸಿದರು; 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ವೇದಿಕೆಯನ್ನೇರಿದರು; 2008ರ 'ಕಿನ್ಸ್‌ಮೆನ್' ಮುದ್ರಿಕೆಯಲ್ಲಿ ರುದ್ರೇಶ್ ಮಹಾಂತಪ್ಪನವರ ಜಾಝ್ ಸ್ಯಾಕ್ಸೋಫೋನಿಗೆ ಜೊತೆಯಾದರು. ಆದರೆ ಅವರ ಕಲೆಯ ನಿಜವಾದ ಪರೀಕ್ಷೆ ನಡೆದದ್ದು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಂಥ ಸ್ಥಳಗಳಲ್ಲಿ. 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಚಪ್ಪರದಲ್ಲಿ ಕೃತಿಯ ಸಾಹಿತ್ಯವನ್ನು ಮನಸ್ಸಿನಲ್ಲೇ ಹಾಡಿಕೊಳ್ಳುವ ರಸಿಕರು ಕುಳಿತಿರುತ್ತಾರೆ. ಅವರ ಮುಂದೆ ವಾದ್ಯವು ಪದಗಳಿಲ್ಲದೆಯೂ ಪದಗಳಿಗೆ ಉತ್ತರ ಕೊಡಬೇಕು. ಅತಿವೇಗದ ಸ್ವರಪ್ರಸ್ತಾರಗಳಲ್ಲಿ ಗೋಪಾಲನಾಥರು ಕೆಲವೊಮ್ಮೆ ಚಪ್ಪಾಳೆಗೆ ಮಣಿದರೆಂಬ ಆಕ್ಷೇಪ ಸುಳ್ಳಲ್ಲ. ವಿಳಂಬ ಕಾಲದ ಆಲಾಪನೆಯಲ್ಲಾದರೋ ಸ್ಯಾಕ್ಸೋಫೋನು ತನ್ನ ಹಳೆಯ ಮಾತನ್ನು ಮರೆತು ನಾಗಸ್ವರದ ತಮ್ಮನಂತೆ ಉಸಿರಾಡುತ್ತದೆ.

ದಕ್ಷಿಣ ಆಫ್ರಿಕದ ಪಿಯಾನೋ ವಾದಕ ಎನ್‌ದುದುಜೊ ಮಖಾತಿನಿ (ಜನನ 1982) ಇದೇ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಎದುರಿಸುತ್ತಾರೆ. ಬಾಲ್ಯದಲ್ಲಿ ಕೇವಲ ಸಂಗೀತಕ್ಕಾಗಿ ಚರ್ಚಿನಿಂದ ಚರ್ಚಿಗೆ ಅಲೆದ ಅವರು ಜುಲು ಪರಂಪರೆಯ ವೈದ್ಯದೀಕ್ಷೆಯನ್ನೂ ಪಡೆದವರು. ಪಿಯಾನೋದ ತಂತಿಯನ್ನು ಗಮಕಕ್ಕೆ ಬಾಗಿಸಲಾಗದು. ಆದ್ದರಿಂದ ಅವರು ವಾದ್ಯವನ್ನು ಹಾಗೆಯೇ ಬಿಟ್ಟು ಕಾಲವನ್ನು ಮಾರ್ಪಡಿಸುತ್ತಾರೆ: ಎಡಗೈ ಒಂದೇ ನಾದಗುಚ್ಛವನ್ನು ಮತ್ತೆ ಮತ್ತೆ ನುಡಿಯುತ್ತದೆ, ಕಂಠ ಕರೆಯುತ್ತದೆ, ಮೌನ ಕಾಯುತ್ತದೆ. 2024ರ 'ಉನೊಮ್ಖುಬುಲ್ವಾನೆ' ಎಂಬ ಕೃತಿಗೆ ಮಳೆ ಮತ್ತು ಫಲವಂತಿಕೆಯ ಜುಲು ದೇವತೆಯ ಹೆಸರು; ಅದರ ಮೂರು ಖಂಡಗಳು ತರ್ಪಣದಿಂದ ತೊಡಗಿ ಜಲಶಕ್ತಿಗಳ ಮೂಲಕ ಅಂತರಂಗದ ಸಿದ್ಧಿಯತ್ತ ಸಾಗುತ್ತವೆ. ತುಳುನಾಡಿನ ಭೂತಾರಾಧನೆಯನ್ನು ಬಲ್ಲ ನಮ್ಮ ವಾಚಕರಿಗೆ, ಪೂರ್ವಿಕರನ್ನು ನಾದದಿಂದ ಕರೆಯುವ ಈ ಕ್ರಮ ತೀರ ಅಪರಿಚಿತವೆನಿಸದು.

ಇಲ್ಲಿಯೇ ದೈವಶಾಸ್ತ್ರದ ತೊಡಕು ಏಳುತ್ತದೆ. ಗೋಪಾಲನಾಥರ ವಾದನದಲ್ಲಿ ಸಾಹಿತ್ಯ ಕೇಳಿಸದು. ಆದುದರಿಂದ ರಾಗವು ಯಾರ ಹೆಸರಿಗೂ ಸೇರದ ಸ್ವತ್ತೆಂದು ಭಾವಿಸಿ, ಅದನ್ನು ನಮ್ಮ ಬಲಿಪೂಜೆಗೆ ಎತ್ತಿಕೊಳ್ಳುವುದು ನಮಗೆ ಸುಲಭ. ಮಖಾತಿನಿ ಈ ಸೌಲಭ್ಯವನ್ನು ನಮಗೆ ಕೊಡುವುದಿಲ್ಲ. ತಾನು ಯಾರನ್ನು ಕರೆಯುತ್ತಿದ್ದೇನೆಂಬುದನ್ನು ಅವರು ಶೀರ್ಷಿಕೆಯಲ್ಲಿಯೇ ಹೇಳಿಬಿಡುತ್ತಾರೆ. ಅವರ ತರ್ಪಣವನ್ನು ಮರೆಮಾಚಿದ ಕ್ರೈಸ್ತ ಪ್ರಾರ್ಥನೆಯೆಂದು ವ್ಯಾಖ್ಯಾನಿಸಿದರೆ ಅದು ಅವರಿಗೆ ಮಾಡುವ ಅನ್ಯಾಯ. ವಿಗ್ರಹಾರಾಧನೆಯೆಂದು ಕಿವಿ ಮುಚ್ಚಿಕೊಂಡರೆ, ತನಗಿಷ್ಟ ಬಂದೆಡೆ ಬೀಸುವ ಪವಿತ್ರಾತ್ಮರಿಗೆ ನಾವೇ ಗಡಿ ಹಾಕಿದಂತೆ. ಪರರ ಪ್ರಾರ್ಥನೆಯನ್ನು ಪರರದೆಂದೇ ಗೌರವದಿಂದ ಕೇಳುವುದು ಗುರು ಅಭ್ಯರ್ಥಿಗೆ ಕಲಿಯಲೇಬೇಕಾದ ಶಿಸ್ತು. ಹಾಗೆ ಕೇಳಿದ ಮೇಲೆ ರಾಗವನ್ನು ಕುರಿತೂ ನಾವು ಹೆಚ್ಚು ಪ್ರಾಮಾಣಿಕರಾಗುತ್ತೇವೆ: ಅದು ಸಾಲವಾಗಿ ಪಡೆದದ್ದೆಂದು ಒಪ್ಪಿಕೊಳ್ಳುತ್ತೇವೆ.

ಇನ್ನು ನಮ್ಮ ದೇವಾಲಯಗಳ ಮಾತು. ಎಷ್ಟೋ ಕಡೆ ಕೀಬೋರ್ಡಿನ ಗುಂಡಿಯೊತ್ತಿ ಸಿದ್ಧತಾಳವನ್ನು ಹಚ್ಚುತ್ತೇವೆ. ಅದರ ಮೇಲೆ ಕನ್ನಡದ ಸ್ತುತಿಗೀತೆ ಓಡುತ್ತದೆ. ಮೋಹನ ರಾಗದ ಗೀತೆಗೂ ಅದೇ ಸ್ವರಮೇಳ, ಶುಭಶುಕ್ರವಾರದ ಗೀತೆಗೂ ಅದೇ ಸ್ವರಮೇಳ. ತಬಲಾವನ್ನೋ ಕೊಳಲನ್ನೋ ಸೇರಿಸಿದೊಡನೆ ದೇಶೀಕರಣ ಮುಗಿಯಿತೆಂದುಕೊಳ್ಳುತ್ತೇವೆ. ಕೀಬೋರ್ಡು ಪರದೇಶದ್ದೆಂಬುದು ಇಲ್ಲಿನ ದೋಷವಲ್ಲ, ಸ್ಯಾಕ್ಸೋಫೋನೂ ಪರದೇಶದ್ದೇ. ಅದನ್ನು ನುಡಿಸುವ ನಮಗೆ ಶಿಷ್ಯತ್ವವಿಲ್ಲ ಎಂಬುದೇ ದೋಷ.

ದೇವಕುಮಾರನು ಮನುಷ್ಯನಾದಾಗ ನಮ್ಮ ವೇಷವನ್ನಷ್ಟೇ ತೊಡಲಿಲ್ಲ. ನಜರೇತಿನಲ್ಲಿ ಬೆಳೆದು, ಮರಗೆಲಸದ ಮನೆಯಲ್ಲಿ ಆ ಊರಿನ ನುಡಿಯನ್ನೂ ಮೌನವನ್ನೂ ಕಲಿತನು. ಬಹಿರಂಗ ಸೇವೆಗೆ ಮುನ್ನ ಸುಮಾರು ಮೂವತ್ತು ವರ್ಷಗಳು ಅಲ್ಲಿಯೇ ಸಂದವು. ವಾದ್ಯವೊಂದನ್ನು ತಕ್ಕುದಾಗಿ ಮಾಡುವ ಹಾದಿಯೂ ಇದೇ ಇರಬೇಕು. ಮಲ್ಲೇಶ್ವರದ ಗುರುಮಠದಿಂದ ಚಾಮರಾಜಪೇಟೆಯ ಚಪ್ಪರ ದೂರವೇನಲ್ಲ. ವಸಂತದ ಒಂದು ಸಂಜೆ ನಮ್ಮ ಅಭ್ಯರ್ಥಿಗಳು ಅಲ್ಲಿಗೆ ಹೋಗಿ, ಏನನ್ನೂ ಎತ್ತಿಕೊಂಡು ಬರುವ ಉದ್ದೇಶವಿಲ್ಲದೆ, ಕೊನೆಯ ಸಾಲಿನಲ್ಲಿ ಕುಳಿತು ಮಂಗಳದವರೆಗೆ ಕೇಳಲಿ. ನಮ್ಮ ಆರಾಧನಾ ಸಂಗೀತದ ಸುಧಾರಣೆ ಅಲ್ಲಿಂದ ಮೊದಲಾದೀತು.