ಕರಾಳ ಶೃಂಗಾರದ ಆಕರ್ಷಣೆ: ಮಾನ್ಯಖೇಟದ ಕಥೆಯೂ ಜನ್ನನ ಕಾವ್ಯವೂ

ಚಿಂಚೋಳಿ, ಸೇಡಂ, ಚಿತ್ತಾಪುರಗಳ ಸೀಮೆಯಲ್ಲಿ ಹರಿದು ಮುಂದೆ ಭೀಮೆಯನ್ನು ಕೂಡುವ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ವಿದ್ವಾಂಸರಿಗೆಲ್ಲ ವಿದಿತವಾದುದೇ. ಸಾಹಿತ್ಯಚರಿತ್ರೆಯಲ್ಲಿ ಈ ಊರಿನ ಹೆಸರು ಬಂದೊಡನೆ ಕವಿರಾಜಮಾರ್ಗವು ನೆನಪಾಗುವುದು ಸಹಜ. ಆದರೆ ಭಾರತೀಯ ಸಾಹಿತ್ಯದ ಅತ್ಯಂತ ಕರಾಳವಾದ ಪ್ರಣಯಕಥೆಗಳಲ್ಲಿ ಒಂದು ಇದೇ ಊರಿನಲ್ಲಿ ಕಾವ್ಯವಾಯಿತೆಂಬ ಸಂಗತಿಗೆ ಅಷ್ಟು ಪ್ರಚಾರವಿಲ್ಲ. ಕ್ರಿ. ಶ. 10ನೆಯ ಶತಮಾನದಲ್ಲಿ ಪುಷ್ಪದಂತನು ಮಂತ್ರಿಯಾದ ನನ್ನನ ಆಶ್ರಯದಲ್ಲಿ ಇಲ್ಲಿಯೇ ಅಪಭ್ರಂಶದ ‘ಜಸಹರಚರಿಉ’ವನ್ನು ರಚಿಸಿದನು. ರಾಷ್ಟ್ರಕೂಟರ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಸೋಮದೇವಸೂರಿಯು ಅದೇ ಕಥೆಯನ್ನು 959ರಲ್ಲಿ ಸಂಸ್ಕೃತದ ‘ಯಶಸ್ತಿಲಕ’ ಚಂಪುವಾಗಿ ಮುಗಿಸಿದನು. ಕನ್ನಡದಲ್ಲಿ ಅದಕ್ಕೆ ಶಾಶ್ವತವಾದ ರೂಪವನ್ನು ಕೊಟ್ಟವನು 1209ರಲ್ಲಿ ‘ಯಶೋಧರಚರಿತೆ’ಯನ್ನು ಬರೆದ ಜನ್ನ.

ನಲ್ಲನು ಕ್ರೂರಿಯಾಗಿಯೂ ನಲ್ಲೆಯು ಆ ಕ್ರೌರ್ಯಕ್ಕೇ ವಶಳಾಗಿಯೂ ಇರುವ ಕಾದಂಬರಿಗಳಿಗೆ ಇಂದು ಲೋಕದಲ್ಲೆಲ್ಲ ಓದುಗರು ಹೇರಳವಾಗಿದ್ದಾರೆ. ಇದನ್ನು ಕಾಲದ ವಿಕಾರವೆಂದು ತಳ್ಳಿಬಿಡುವವರು ಜನ್ನನ ಅಮೃತಮತಿಯನ್ನು ಮರೆತವರೆಂದೇ ಹೇಳಬೇಕು. ಯಶೋಧರನಂತಹ ಗಂಡನನ್ನೂ ಅರಸಿಯ ಪದವಿಯನ್ನೂ ಪಡೆದವಳು ಅಂಗವಿಕಲನೂ ಕುರೂಪಿಯೂ ಆದ ಮಾವಟಿಗನಿಗೆ, ಅಷ್ಟವಂಕನಿಗೆ, ಒಲಿಯುವಳು. ಕಾಮದ ಕೇಡನ್ನು ತೋರಿಸುವುದೇ ಕವಿಯ ಉದ್ದೇಶವೆಂದು ಸಾಮಾನ್ಯವಾಗಿ ಸಮಾಧಾನ ಹೇಳಲಾಗುತ್ತದೆ. ಕಾವ್ಯದ ಧರ್ಮದೃಷ್ಟಿಯಿಂದ ಇದು ಸುಳ್ಳಲ್ಲ. ಆದರೆ ಓದುಗನ ಮನಸ್ಸು ಆ ಪ್ರಸಂಗಕ್ಕೇ ಮತ್ತೆ ಮತ್ತೆ ಮರಳುವುದೇಕೆಂಬ ಪ್ರಶ್ನೆಗೆ ಇದರಿಂದ ಉತ್ತರ ದೊರೆಯುವುದಿಲ್ಲ. ಕೇವಲ ಎಚ್ಚರಿಕೆಯ ಮಾತಿಗೆ ಅಂತಹ ಸೆಳೆತವಿರಲಾರದು.

ಉತ್ತರವು ಕಥೆಯ ಜೋಡಣೆಯಲ್ಲಿದೆ. ಜನ್ನನು ಅಷ್ಟವಂಕನನ್ನು ಮೊದಲು ಕಣ್ಣಿಗೆ ತೋರಿಸದೆ ಕಿವಿಗೆ ಕೇಳಿಸುತ್ತಾನೆ. ಬೆಳಗಿನ ಜಾವದಲ್ಲಿ ಗಜಶಾಲೆಯ ಕಡೆಯಿಂದ ಇಂಪಾದ ಹಾಡು ತೇಲಿಬರುತ್ತದೆ. ಎಚ್ಚತ್ತ ರಾಣಿಯು ಅದಕ್ಕೆ ಮನಸೋಲುತ್ತಾಳೆ. ಆ ಗಳಿಗೆಯಲ್ಲಿ ಓದುಗನಿಗೂ ಹಾಡಲ್ಲದೆ ಬೇರೇನೂ ತಿಳಿಯದು. ಆದುದರಿಂದ ಅವನೂ ರಾಣಿಯೊಡನೆ ಸೋತಿರುತ್ತಾನೆ. ಬಳಿಕ ದೂತಿಯು ಹೋಗಿ ನೋಡಿಬಂದು ಹೇಸಿಕೆಯಿಂದ ಆ ರೂಪವನ್ನು ವರ್ಣಿಸಿದಾಗ ಓದುಗನ ವಿವೇಕವು ದೂತಿಯ ಪಕ್ಷವನ್ನು ಹಿಡಿಯುವುದು. ಮನಸ್ಸು ಮಾತ್ರ ರಾಣಿಯ ಬಳಿಯಲ್ಲಿಯೇ ಉಳಿಯುವುದು. ಇಂತಹ ಕಥೆಗಳ ಆಕರ್ಷಣೆಯು ಕತ್ತಲೆಯಲ್ಲಿಲ್ಲ, ಈ ಇಬ್ಬಗೆಯಲ್ಲಿದೆ. ತಾನು ಒಪ್ಪದುದಕ್ಕೆ ತನ್ನ ಹೃದಯವು ಓಗೊಡುವುದನ್ನು ಓದುಗನು ಅಪಾಯವಿಲ್ಲದ ದೂರದಲ್ಲಿ ನಿಂತು ಕಾಣುತ್ತಾನೆ.

ಆದರೆ ಜನ್ನನು ಓದುಗನನ್ನು ಆ ಮೋಹದಲ್ಲಿಯೇ ಬಿಟ್ಟುಬಿಡುವುದಿಲ್ಲ. ತಡವಾಗಿ ಬಂದ ರಾಣಿಯನ್ನು ಅಷ್ಟವಂಕನು ಹೊಡೆಯುವಾಗ ಆ ಪೆಟ್ಟು ಪೆಟ್ಟಾಗಿಯೇ ಕಾಣುತ್ತದೆ. ಪ್ರೇಮದ ಕುರುಹೆಂಬ ಬಣ್ಣ ಅದಕ್ಕಿಲ್ಲ. ರಾಣಿಯ ಒಲವಿನಿಂದ ಅವನು ಸುಧಾರಿಸುವುದೂ ಇಲ್ಲ. ಎಮಿಲಿ ಬ್ರಾಂಟೆಯು 1847ರಲ್ಲಿ ಪ್ರಕಟಿಸಿದ ‘ವದರಿಂಗ್ ಹೈಟ್ಸ್’ ಕಾದಂಬರಿಯ ಹೀತ್‌ಕ್ಲಿಫನೂ ಪ್ರೇಮದಿಂದ ಸಾಧುವಾಗುವುದಿಲ್ಲ. ಆ ಕೃತಿಯ ಬಲವೂ ಇದರಲ್ಲಿಯೇ ಇದೆ. ಕ್ರೂರಿಯ ಕ್ರೌರ್ಯವು ಹೆಣ್ಣಿನ ಸಹನೆಯಿಂದ ಕರಗಿಹೋಗುವುದೆಂಬ ಭರವಸೆಯನ್ನು ಮಾರುವ ಕಾದಂಬರಿಗೂ ಇಂತಹ ಕೃತಿಗೂ ಇರುವ ಅಂತರವು ಅಲ್ಪವಲ್ಲ. ಮೊದಲನೆಯದು ನೋವನ್ನು ಮರೆಸುತ್ತದೆ. ಎರಡನೆಯದು ಅದರ ಬೆಲೆಯನ್ನು ಎಣಿಸಿ ತೋರಿಸುತ್ತದೆ.

ಜನ್ನನು ಪಾಪದ ಹೊರೆಯನ್ನು ಒಬ್ಬಳ ತಲೆಯ ಮೇಲೆಯೇ ಹೇರಿಲ್ಲವೆಂಬುದೂ ಗಮನಾರ್ಹ. ಎಲ್ಲವನ್ನೂ ಮರೆಯಲ್ಲಿ ನಿಂತು ಕಂಡ ಯಶೋಧರನು ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆದರೆ ಕಂಡುದನ್ನು ತಾಯಿಗೆ ಕನಸೆಂದು ಮರೆಸಿ ಹೇಳುತ್ತಾನೆ. ಆ ಮರೆಮಾತಿನಿಂದ ಬಲಿಯ ಸಲಹೆ ಹುಟ್ಟುತ್ತದೆ, ಸಲಹೆಯಿಂದ ಹಿಟ್ಟಿನ ಹುಂಜ ಹುಟ್ಟುತ್ತದೆ, ಕಡಿದಾಗ ಆ ಹುಂಜ ಕೂಗುತ್ತದೆ. ರಾಣಿಯು ಗಂಡನಿಗೂ ಅತ್ತೆಗೂ ವಿಷವಿಕ್ಕುವುದು ಈ ಸರಪಳಿಯ ಕೊನೆಯ ಕೊಂಡಿ. ಮೇಲಾಗಿ ಕಥೆಯನ್ನು ಹೇಳುತ್ತಿರುವವನು ಹಲವು ಜನ್ಮಗಳನ್ನು ಕಳೆದು ಅಭಯರುಚಿಯಾಗಿ ಹುಟ್ಟಿ, ಮಾರಿದತ್ತನ ಬಲಿಪೀಠದ ಮುಂದೆ ನಿಂತಿರುವ ಆ ಯಶೋಧರನೇ. ವಂಚನೆಗೊಳಗಾದವನ ಬಾಯಿಂದಲೇ ಅಷ್ಟವಂಕನ ಹಾಡಿನ ಇಂಪನ್ನು ಹೇಳಿಸಿರುವುದು ಈ ಕಾವ್ಯದ ಪರಮ ನ್ಯಾಯ. ಅಲ್ಲಿ ದ್ವೇಷವಿಲ್ಲ, ಆದುದರಿಂದಲೇ ಕೇಳಿದ ಅರಸನ ಮನಸ್ಸು ತಿರುಗುತ್ತದೆ.

ಇಂತಹ ಕೃತಿಗಳನ್ನು ಆರಿಸಿಕೊಳ್ಳುವ ದಾರಿಯೂ ಇದರಿಂದಲೇ ತೋರುತ್ತದೆ. ಪೆಟ್ಟಿನ ನೋವನ್ನು ಕೃತಿಯು ಮುಚ್ಚುತ್ತದೆಯೆ? ಕೇಡಿಗೆ ಹೊಣೆಯಾದವರೆಲ್ಲರನ್ನೂ ಅದು ಕಾಣಬಲ್ಲುದೆ? ಈ ಎರಡು ಪ್ರಶ್ನೆಗಳನ್ನು ಕೇಳಿದರೆ ಕಾಳು ಜೊಳ್ಳುಗಳು ಬೇರೆಯಾಗುತ್ತವೆ. ಓದುವ ಕ್ರಮದಲ್ಲಿ ಬಹುಮಟ್ಟಿಗೆ ಕಂದಪದ್ಯಗಳಲ್ಲಿರುವ, ನಾಲ್ಕೇ ಅವತಾರಗಳ ‘ಯಶೋಧರಚರಿತೆ’ಯು ಮೊದಲನೆಯದಾಗಬೇಕು. ನೇಮಿಚಂದ್ರನ ‘ಲೀಲಾವತಿ’ಯನ್ನು ಅದರ ಪಕ್ಕದಲ್ಲಿಟ್ಟರೆ ಕನಸಿನಲ್ಲಿ ಕಂಡು ಒಲಿದವರ ತಿಳಿಯಾದ ಶೃಂಗಾರಕ್ಕೂ ಈ ಕರಾಳ ಶೃಂಗಾರಕ್ಕೂ ಇರುವ ಭೇದವು ಸ್ಪಷ್ಟವಾಗುವುದು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ರಾಣಿಯು ತನ್ನ ಮಾತನ್ನು ತಾನೇ ಆಡುತ್ತಾಳೆ. ಪುಷ್ಪದಂತನ ಕಾವ್ಯಕ್ಕೆ ಪಿ. ಎಲ್. ವೈದ್ಯರು 1931ರಲ್ಲಿ ಪ್ರಕಟಿಸಿದ ಆವೃತ್ತಿಯಿದೆ. ಸೋಮದೇವನ ಚಂಪುವಿನ ಪ್ರವೇಶಕ್ಕೆ ಕೆ. ಕೆ. ಹಂದೀಕಿಯವರು 1949ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥವು ಉತ್ತಮ ಸಹಾಯ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಕನ್ನಡವನ್ನು ಬೋಧಿಸುವವರಿಗೆ ಈ ವಿಷಯವು ಇನ್ನಷ್ಟು ಹತ್ತಿರದ್ದು. ಬಲಿಯ ಭಾಗವನ್ನು ಮಾತ್ರ ಪಾಠ ಹೇಳಿ ಹಾಡಿನ ಭಾಗವನ್ನು ಬಿಟ್ಟರೆ ವಿದ್ಯಾರ್ಥಿಗೆ ನೀತಿ ದೊರೆಯಬಹುದು, ಕಾವ್ಯ ದೊರೆಯದು. ಬಿಟ್ಟುದನ್ನು ಅವನು ಬೇರೆಲ್ಲಿಯೋ, ಬೆಲೆಯನ್ನು ಮುಚ್ಚಿಡುವ ಪುಸ್ತಕಗಳಲ್ಲಿ, ಹುಡುಕಿಕೊಳ್ಳುವನು. ಕಾಗಿಣೆಯ ದಡದಲ್ಲಿ ಸಾವಿರ ವರ್ಷಗಳ ಹಿಂದೆಯೇ ವಿದ್ವಜ್ಜನರು ಈ ಕಥೆಯನ್ನು ಅಳುಕದೆ ಕೇಳಿದರು. ಇಂದಿನ ತರಗತಿಯೂ ಹಾಡನ್ನೂ ಪೆಟ್ಟನ್ನೂ ಕೂಡಿಯೇ ಕೇಳುವುದು ಯುಕ್ತ.