ನೂರು ಉಂಡೆಯ ಸಾಕ್ಷಿ
ತಿಪಟೂರು ಮಾರುಕಟ್ಟೆಗೆ ಬಂದ ಉಂಡೆ ಕೊಬ್ಬರಿಯನ್ನೆಲ್ಲ ಒಡೆದು ನೋಡಿದರೆ ಉಂಡೆಯಾಗಿ ಮಾರಲು ಏನುಳಿಯುತ್ತದೆ? ಸಂಖ್ಯಾಶಾಸ್ತ್ರದ ಅನುಪಾತದ ಪರೀಕ್ಷೆ ನನಗೆ ಇಷ್ಟವಾಗುವುದು ಇಲ್ಲೇ. ‘ಕೆಟ್ಟದ್ದು ನೂರಕ್ಕೆ 10 ದಾಟಲ್ಲ’ ಎಂದು ರೈತರು ಹೇಳಿದರು ಅನ್ನಿ. ಪರೀಕ್ಷೆ ಮೊದಲು ಆ ಮಾತನ್ನೇ ನಂಬಿ ಹೊರಡುತ್ತದೆ. ಚೀಲದ ಬಾಯಿಂದಷ್ಟೇ ಅಲ್ಲ, ತಳದಿಂದಲೂ ಆರಿಸದೆ 100 ಉಂಡೆ ತೆಗೆದು ಒಡೆಯಬೇಕು. 0.1ನ್ನು 0.9ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.03. ಅಂದರೆ ಬರೀ ಆಕಸ್ಮಿಕದ ಏರುಪೇರೇ ಸುಮಾರು 3 ಉಂಡೆ. 16 ಕೆಟ್ಟಿದ್ದರೆ ಹೇಳಿದ್ದಕ್ಕಿಂತ 6 ಹೆಚ್ಚು, ಆ 3ರ ಎರಡರಷ್ಟು, ಅಂದರೆ ಝಡ್ ಬೆಲೆ 2; ಶೇ. 5ರ ಮಟ್ಟದ ಗಡಿಯಾದ 1.645 ದಾಟಿತು, ಮಾತು ಬಿತ್ತು. (ಆ ಶೇ. 5 ದೇವರು ಕೊಟ್ಟದ್ದೇನಲ್ಲ. ಸಂಖ್ಯಾಶಾಸ್ತ್ರಜ್ಞ ಫಿಶರ್ ತಮ್ಮ 1925ರ ಪುಸ್ತಕದಿಂದ ರೂಢಿಗೆ ತಂದದ್ದು.) 14 ಬಂದರೆ? ಆಗಲೂ ‘ಹೇಳಿದ್ದು ಸತ್ಯ’ ಎನ್ನುವುದಿಲ್ಲ, ‘ಸುಳ್ಳೆನ್ನಲು ಸಾಕ್ಷಿ ಸಾಲದು’ ಎನ್ನುತ್ತದೆ. ಈ ಸಂಕೋಚವೇ ನನಗೆ ಹೆಚ್ಚು ಹಿಡಿಸುವುದು.