ಮುನ್ನೋಟದ ಆವೃತ್ತಿ: ಒಳಹೋಗಲು ಸುಲಭ, ಹೊರಬರಲು?

ಮೊಬೈಲ್ ಕಾರ್ಯಾಚರಣ ವ್ಯವಸ್ಥೆಯ ಹೊಸ ಆವೃತ್ತಿ ಬಿಡುಗಡೆಯಾಗುವ ಕೆಲವು ತಿಂಗಳು ಮೊದಲೇ ಅದರ ಮುನ್ನೋಟ ಅಥವಾ ಬೀಟಾ ರೂಪ ದೊರೆಯುವುದು ಈಗ ವಾಡಿಕೆ. ಹೊಸತನ್ನು ಎಲ್ಲರಿಗಿಂತ ಮೊದಲು ಪಡೆಯುವ ಅವಕಾಶ ಇದೆಂದು ಹಲವರ ಭಾವನೆ. ವಾಸ್ತವವಾಗಿ ಇದು ಸಂಬಳವಿಲ್ಲದ ಪರೀಕ್ಷಕನ ಕೆಲಸ.

2014ರ ಜೂನ್‌ನಲ್ಲಿ ಗೂಗಲ್ ಸಂಸ್ಥೆ ಆಂಡ್ರಾಯ್ಡ್ 'ಎಲ್' ಮುನ್ನೋಟವನ್ನು ನೆಕ್ಸಸ್ 5 ಮತ್ತು 2013ರ ನೆಕ್ಸಸ್ 7 ಸಾಧನಗಳಿಗೆ ನೀಡಿತು. ಅದನ್ನು ಅಳವಡಿಸಲು ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಬೂಟ್‌ಲೋಡರಿನ ಬೀಗ ತೆಗೆದು, ಆದೇಶಗಳನ್ನು ಟೈಪ್ ಮಾಡಬೇಕಿತ್ತು. ಫೋನಿನಲ್ಲಿದ್ದುದೆಲ್ಲ ಆ ಹಂತದಲ್ಲೇ ಅಳಿಸಿಹೋಗುತ್ತಿತ್ತು. ಬೆಲೆ ಏನೆಂಬುದು ಬಾಗಿಲಲ್ಲೇ ತಿಳಿಯುತ್ತಿತ್ತು. 2015ರಲ್ಲಿ ಆಪಲ್ ಐಓಎಸ್‌ನ ಸಾರ್ವಜನಿಕ ಬೀಟಾ ಆರಂಭಿಸಿತು. 2016ರಲ್ಲಿ ಗೂಗಲ್ ನೋಂದಾಯಿಸಿದವರಿಗೆ ಮುನ್ನೋಟವನ್ನು ನೇರವಾಗಿ ಫೋನಿಗೇ ಕಳಿಸತೊಡಗಿತು. 2023ರಲ್ಲಿ ಆಪಲ್ ತಂತ್ರಾಂಶ ತಯಾರಕರಿಗೆಂದೇ ಇದ್ದ ಬೀಟಾವನ್ನೂ ಉಚಿತಗೊಳಿಸಿತು. ಈಗ ಒಳಹೋಗುವಾಗ ಏನೂ ಕಳೆಯುವುದಿಲ್ಲ. ಅವಧಿಗೆ ಮುನ್ನ ಹಿಂದಿರುಗಲು ಹೊರಟರೆ ಎಲ್ಲವೂ ಅಳಿಸುತ್ತದೆ!

ಕಾರಣ ಸರಳ. ಹೊಸ ವ್ಯವಸ್ಥೆ ತನ್ನ ದತ್ತಾಂಶವನ್ನು ಹೊಸ ವಿನ್ಯಾಸದಲ್ಲಿ ಬರೆದಿಡುತ್ತದೆ. ಹಳೆಯ ವ್ಯವಸ್ಥೆ ಅದನ್ನು ಓದಲಾರದು. ಐಫೋನಿನಲ್ಲಿ ಬೀಟಾ ಇರುವಾಗ ತೆಗೆದ ಬ್ಯಾಕಪ್ ಹಿಂದಿನ ಆವೃತ್ತಿಗೆ ಒಗ್ಗದಿರುವುದೂ ಇದರಿಂದಲೇ. ಆಪಲ್ ವಾಚ್‌ನಲ್ಲಂತೂ ಬೀಟಾ ಹಾಕಿದ ಮೇಲೆ ಹಿಂದಿನ ಆವೃತ್ತಿಗೆ ಮರಳಲಾಗದೆಂದು ಕಂಪನಿಯೇ ಹೇಳುತ್ತದೆ. ಎಚ್ಚರಿಕೆಗಳನ್ನು ಮುದ್ರಿಸಿಲ್ಲವೆಂದಲ್ಲ. ಆದರೆ ಬಾಗಿಲನ್ನು ಇಷ್ಟು ಅಗಲಿಸಿದವರು ಎಚ್ಚರಿಕೆಯ ಅಕ್ಷರವನ್ನೂ ಅಷ್ಟೇ ದೊಡ್ಡದು ಮಾಡಬೇಕಿತ್ತು.

ಬ್ಯಾಟರಿ ಬೇಗ ಬರಿದಾಗುವುದು, ಫೋನು ಬಿಸಿಯಾಗುವುದು, ಬ್ಯಾಂಕಿನ ಆಪ್ ತೆರೆಯದಿರುವುದು ಇವೆಲ್ಲ ನಿರೀಕ್ಷಿತವೇ. ದೋಷ ಹುಡುಕಲು ಸೇರಿಸಿದ ದಾಖಲಾತಿ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಆಪ್‌ಗಳು ನೆಚ್ಚಿಕೊಂಡ ನಿಯಮಗಳೂ ಇನ್ನೂ ಬದಲಾಗುತ್ತಿರುತ್ತವೆ. ಹಾಗೆಂದು ಎಲ್ಲ ಬೀಟಾಗಳೂ ಒಂದೇ ಅಲ್ಲ. ಆಂಡ್ರಾಯ್ಡ್ 15ರ ಮೊದಲ ಮುನ್ನೋಟ ಬಂದದ್ದು 2024ರ ಫೆಬ್ರವರಿಯಲ್ಲಿ. ಆ ನಿಯಮಗಳು ಸ್ಥಿರಗೊಂಡದ್ದು ಜೂನ್‌ನಲ್ಲಿ, ಮೂರನೆಯ ಬೀಟಾದೊಂದಿಗೆ. ಪಿಕ್ಸೆಲ್ ಫೋನುಗಳಿಗೆ ಪೂರ್ಣ ಆವೃತ್ತಿ ತಲುಪಿದ್ದು ಅಕ್ಟೋಬರ್‌ನಲ್ಲಿ. ಜೂನ್‌ಗೆ ಮೊದಲು ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಕೆಲಸವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಈ ಪರೀಕ್ಷೆಯಿಂದ ನಾವು ದೂರವಿರಬೇಕೆ? ಇಲ್ಲಿ ಒಂದು ಘಟನೆ ಗಮನಾರ್ಹ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರದ ಒಂದು ಸಂಯೋಜನೆ ಸಂದೇಶದಲ್ಲಿ ಬಂದರೆ ಐಫೋನಿನ ಆಪ್‌ಗಳು ಕುಸಿಯುತ್ತಿದ್ದವು. ಅದು ಬೀಟಾ ಅಲ್ಲ, ಕೋಟ್ಯಂತರ ಜನರ ಕೈಯಲ್ಲಿದ್ದ ಬಿಡುಗಡೆಯಾದ ಆವೃತ್ತಿ. 11.3ರ ಬೀಟಾದಲ್ಲಿ ಆ ದೋಷ ಇರಲಿಲ್ಲ. ಉಳಿದವರಿಗೆ ಫೆಬ್ರವರಿ 19ರಂದು 11.2.6 ಬಂತು. ಒತ್ತಕ್ಷರಗಳಿರುವ ಲಿಪಿಗಳನ್ನು ಬಿಡುಗಡೆಗೆ ಮುನ್ನ ಯಾರೂ ಸಾಕಷ್ಟು ಉಜ್ಜಿ ನೋಡಿರಲಿಲ್ಲ ಎಂದೇ ಇದನ್ನು ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ಟೈಪಿಸುವವರು ಮುನ್ನೋಟಕ್ಕೆ ಸೇರಲು ಇರುವ ಗಟ್ಟಿ ಕಾರಣ ಇದೊಂದೇ. ಹೊಸ ಬಣ್ಣದ ಐಕಾನುಗಳು ಅಲ್ಲ.

ಸೇರುವವರು ಎರಡನೆಯ ಫೋನಿನಲ್ಲಿ ಸೇರುವುದು ಒಳ್ಳೆಯದು. ಸೇರುವ ಮೊದಲೇ ಕಂಪ್ಯೂಟರಿನಲ್ಲಿ ಬ್ಯಾಕಪ್ ಇಟ್ಟುಕೊಳ್ಳಬೇಕು. ಕೆಟ್ಟ ಅಕ್ಷರ ಕಂಡಾಗ ಅದರ ಚಿತ್ರದ ಜೊತೆಗೆ ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದಿರೆಂದೂ ವರದಿಯಲ್ಲಿ ಬರೆಯಿರಿ. ಪೂರ್ಣ ಆವೃತ್ತಿ ಬಂದ ಕೂಡಲೇ, ಮುಂದಿನ ಬೀಟಾ ಅಳವಡಿಸುವ ಮುನ್ನ ನೋಂದಣಿ ರದ್ದುಮಾಡಿದರೆ ಆಂಡ್ರಾಯ್ಡ್‌ನಲ್ಲಿ ದತ್ತಾಂಶ ಉಳಿಯುತ್ತದೆ.